ಮೂರಕ್ಕ ಬಂದಾತ್ರಿ

ಎಡಗಿವಿಯ ಹೆಡ್‌ಫೋನು ಕೆಟ್ಟು ನಾಲ್ಕು ತಿಂಗಳಾಗಿತ್ತು. ಈ ಮಾತನ್ನು ದಾಕ್ಷಾಯಿಣಿ ಯಾರಿಗೂ ಹೇಳಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಗೊತ್ತಾಗಿತ್ತು. ಬಂದ ದಿನವೇ ತಕರಾರು ತೆಗೆದಳೆಂದುಕೊಂಡಾರು ಅಂತ ಸುಮ್ಮನಾದಳು. ಎರಡನೇ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿಯಾರು. ಮೂರನೇ ದಿನಕ್ಕೆ ಅದು ಹೇಳಲಾಗದ ಮಾತೇ ಆಗಿಹೋಯಿತು. ಹೀಗೆ ನೂರ ಹದಿನೆಂಟು ಸಾಕ್ಷಿಗಳ ಮಾತನ್ನು ಅವಳು ಬಲಗಿವಿಯೊಂದರಲ್ಲೇ ಕೇಳಿ ಬರೆದಿದ್ದಳು. ಪ್ರತಿ ಪುಟದ ಕೆಳಗೆ 'ಕೇಳಿ ಬರೆದವರು' ಎಂದು ಅಚ್ಚಾಗಿತ್ತು, ಅದರ ಮೇಲೆ ಇಂಗ್ಲಿಷಿನಲ್ಲಿ ಅವಳ ಸಹಿ. ದಿನಚರಿಯಲ್ಲಿ ಮಾತ್ರ ಒಂದು ದಿನ ಬರೆದುಕೊಂಡಿದ್ದಳು: ಅರ್ಧ ಕಿವಿಯಿಂದ ಕೇಳಿದ್ದಕ್ಕೆ ಪೂರ್ತಿ ಸಹಿ ಹಾಕುತ್ತಿದ್ದೇನೆ, ಇದು ಸುಳ್ಳೋ ಅಲ್ಲವೋ ತಿಳಿಯದು.

"ಬೇಟಿ, ಇದನ್ನೊಂದ್ಸಲ ಓದಿ ಹೇಳವಾ."

ದಾಕ್ಷಾಯಿಣಿ ಬೆಚ್ಚಿ ಹೆಡ್‌ಫೋನು ತೆಗೆದಳು. ಮೇಜಿನ ಮುಂದೆ ಶರೀಫಾಬಿ ನಿಂತಿದ್ದಳು. ಮೂರು ದಿನಗಳಿಂದ ಆಕೆ ಬೆಳಿಗ್ಗೆ ಹತ್ತಕ್ಕೆ ಬಂದು ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂಡುತ್ತಿದ್ದಳು, ಸಂಜೆ ಐದಕ್ಕೆ ಎದ್ದು ಹೋಗುತ್ತಿದ್ದಳು. ಯಾರೂ ಹೋಗು ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ. ಇಂದು ಮೊದಲ ಸಲ ಬೆಂಚು ಬಿಟ್ಟು ಒಳಗೆ ಬಂದಿದ್ದಳು. ಕೈಯಲ್ಲಿ ಸರ್ಕಾರಿ ಲಕೋಟೆ.

"ನಮ್ಮ ಓಣ್ಯಾಗ ಮೂರು ಮಂದಿ ಓದಿ ಹೇಳಿದ್ರು. ಮೂವರೂ ಮೂರು ನಮೂನಿ ಹೇಳಿದ್ರು. ನೀ ಬರ್ಯಾಕಿ ಅಲ್ಲೇನು, ನೀ ಹೇಳು."

ನೋಟೀಸು ಆಕೆಯ ಗಂಡ ಗೌಸಮೊದ್ದೀನನ ಹೆಸರಿಗಿತ್ತು. ಕೊರೊನಾದ ಎರಡನೇ ಅಲೆಯಲ್ಲಿ ಲಕಮನಹಳ್ಳಿಯ ಹಳೆಯ ಕಟ್ಟಡವೊಂದರಲ್ಲಿ ಅರವತ್ತು ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ತೆರೆದಿದ್ದರು. ಅಲ್ಲಿ ಆಮ್ಲಜನಕದ ಸಿಲಿಂಡರು ಜೋಡಿಸುವ ಮೆಕ್ಯಾನಿಕ್ ಆತ. ಒಂದು ಮಧ್ಯಾಹ್ನ, ಮೂರರಿಂದ ಐದರೊಳಗೆ, ಅಲ್ಲಿ ಆರು ಮಂದಿ ಸತ್ತಿದ್ದರು.

ದಾಕ್ಷಾಯಿಣಿ ಸಣ್ಣ ದನಿಯಲ್ಲಿ ಓದಿದಳು. "'ಸದರಿ ದಿನ ಮಧ್ಯಾಹ್ನ ಮೂರು ಗಂಟೆಗೆ ಆಮ್ಲಜನಕ ಬಂದಿತು ಎಂದು ತಾವೇ ಹೇಳಿಕೆ ನೀಡಿರುತ್ತೀರಿ. ಆದಾಗ್ಯೂ ಐದು ಗಂಟೆಯವರೆಗೆ ಸಿಲಿಂಡರುಗಳನ್ನು ಜೋಡಿಸದೇ ಇದ್ದುದರಿಂದ, ಆರು ರೋಗಿಗಳ ಸಾವಿಗೆ ತಮ್ಮ ನಿರ್ಲಕ್ಷ್ಯವೇ ಕಾರಣವೆಂದು ಏಕೆ ತೀರ್ಮಾನಿಸಬಾರದು...'"

"ಬಂತು ಅಂತ ಅವರಂದಾರಂತ?"

"ಹಂಗ ಬರದೈತ್ರಿ."

"ಬರದೈತಿ, ಖರೇ. ಅಂದಾರೇನು? ಅವರ ದನಿ ಕೇಳಿದಾಕಿ ನೀನs ಅಲ್ಲೇನು."

ದಾಕ್ಷಾಯಿಣಿ ನೋಟೀಸನ್ನು ವಾಪಸು ಕೊಟ್ಟಳು. ಶರೀಫಾಬಿ ಲಕೋಟೆಯನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಂಡಳು.

"ಮನ್ಯಾಗ ಕೇಳೋಣಂದ್ರ ಅವರ ಬಾಯಾಗ ಮಾತಿಲ್ಲ. ಲಕ್ವಾ ಹೊಡದು ಎರಡು ತಿಂಗಳಾತು. 'ಆ' ಅಂತಾರ. ನೀರು ಬೇಕಂದ್ರೂ 'ಆ', ಸಾಕಂದ್ರೂ 'ಆ'. ಈ ಕಾಗದ ತೋರಸಿದ್ನಿ. ಅದಕ್ಕೂ 'ಆ' ಅಂದ್ರು. ಆದ್ರ ಕಣ್ಣಾಗ ನೀರು ಬಂದ್ವು."

ಆಕೆ ಮತ್ತೆ ಹೋಗಿ ಬೆಂಚಿನ ಮೇಲೆ ಕುಳಿತಳು.

ಗೌಸಮೊದ್ದೀನನ ದನಿ ಇದ್ದ ಹದಿನೇಳನೇ ನಂಬರಿನ ಮೆಮೊರಿ ಕಾರ್ಡು ಸೋಮವಾರ ಬೀರುವಿನಿಂದ ಕಾಣೆಯಾಗಿತ್ತು. ಅಂದಿನಿಂದ ಹುಬ್ಬಳ್ಳಿ ವಿದ್ಯಾನಗರದ ಈ ಬಾಡಿಗೆ ಮಹಡಿಯಲ್ಲಿ ಯಾರೂ ಕುಂತಲ್ಲಿ ಕೂಡಲಾರರು, ನಿಂತಲ್ಲಿ ನಿಲ್ಲಲಾರರು.

ಮಹಾಮಾರಿಯ ಕಾಲದಲ್ಲಿ ರಾಜ್ಯ ಸರ್ಕಾರ ಏನು ಮಾಡಿತು, ಏನು ಬಿಟ್ಟಿತು ಎಂದು ಪರಿಶೀಲಿಸುವ ಸಮಿತಿಯ ಕಚೇರಿ ಅದು. ಆಶಾ ಕಾರ್ಯಕರ್ತೆಯರು, ಆ್ಯಂಬುಲೆನ್ಸ್ ಓಡಿಸಿದವರು, ಸುಡುಗಾಡಿನಲ್ಲಿ ಕಟ್ಟಿಗೆ ಒಟ್ಟಿದವರು, ಎಲ್ಲರೂ ಬಂದು ಹೋಗಿದ್ದರು. ಸಾಕ್ಷಿ ಹೇಳುವವರು ಅಳುಕಬಾರದೆಂದು ಅವರನ್ನು ಕೋಣೆಯಲ್ಲಿ ಒಬ್ಬರನ್ನೇ ಕೂಡಿಸುತ್ತಿದ್ದರು. ಎದುರಿಗೆ ಒಂದು ರೆಕಾರ್ಡರು, ಒಂದು ಪ್ರಶ್ನೆಗಳ ಹಾಳೆ. 'ಸರ್ಕಾರದ ಸ್ಪಂದನೆ ಸಮರ್ಪಕವಾಗಿತ್ತೇ, ಹೌದು ಅಥವಾ ಇಲ್ಲ.' ಅದಕ್ಕೆ ಒಬ್ಬ ಅಜ್ಜಿ, "ಹೌದೂ ಅಲ್ಲ, ಇಲ್ಲಾನೂ ಅಲ್ಲ, ನಮ್ಮನಿಗೆ ಬರ್ರಿ ತೋರಸ್ತೇನಿ" ಅಂದಿದ್ದಳು. ಆ ಮಾತು ಕೇಳಿದವಳು ದಾಕ್ಷಾಯಿಣಿ ಒಬ್ಬಳೇ. ಅವಳು ಕೇಳಿದ್ದನ್ನು ಕೇಳಿದ ಹಾಗೆ ಟೈಪು ಮಾಡುತ್ತಿದ್ದಳು. ಆಮೇಲೆ ಅದು ವೆಂಕಣ್ಣ ಮೇಷ್ಟ್ರ ಮೇಜಿಗೆ ಹೋಗಿ, ಬೀದರದಿಂದ ಚಾಮರಾಜನಗರದವರೆಗೆ ಎಲ್ಲರೂ ಓದಬಹುದಾದ ಕನ್ನಡವಾಗಿ ಹೊರಬರುತ್ತಿತ್ತು.

ಇಂದು ಹನ್ನೊಂದೂವರೆಗೆ ಸಮಿತಿಯ ಅಧ್ಯಕ್ಷರು ಬರುವವರಿದ್ದರು. ಲಕಮನಹಳ್ಳಿಯ ಅಧ್ಯಾಯಕ್ಕೆ ಅವರ ಸಹಿ ಬಿದ್ದರೆ ಮುಗಿಯಿತು. ಮಾತು ಬಾರದ ಗೌಸಮೊದ್ದೀನನ ಮೇಲೆ ಮೊಕದ್ದಮೆ.

ಗಡಿಯಾರದಲ್ಲಿ ಹತ್ತೂಕಾಲು.

ದಾಕ್ಷಾಯಿಣಿ ಕಣ್ಣು ಮುಚ್ಚಿದಳು. ಮುಖ ನೋಡದ ಮನುಷ್ಯರ ದನಿಗಳು ಅವಳ ಬಲಗಿವಿಯಲ್ಲಿ ಮನೆ ಮಾಡಿಕೊಂಡಿದ್ದವು. ಗೌಸಮೊದ್ದೀನನದು ತುಸು ಒಡಕು ದನಿ, ಮಾತಿಗೊಮ್ಮೆ ಗಂಟಲು ಸರಿ ಮಾಡಿಕೊಳ್ಳುವ ಚಟ. ಮೂರಕ್ಕ ಗ್ಯಾಸ್... ಮುಂದೆ ಏನಂದಿದ್ದ?

ಬಂದಾತ್ರಿ.

ಅವಳ ಕಣ್ಣು ತಟ್ಟನೆ ತೆರೆಯಿತು. ಬಂತ್ರಿ ಅಲ್ಲ. ಬಂದಾತ್ರಿ.

ಈ ಊರಿನಲ್ಲಿ ಬಂದದ್ದಕ್ಕೆ ಬಂತು ಅನ್ನುತ್ತಾರೆ. ಬಂದಾತು ಅಂದರೆ ಬಂದ್ ಆತು. ಅಂಗಡಿ ಬಂದಾತು, ಗಡಿಯಾರ ಬಂದಾತು, ಕೊರೊನಾದಾಗ ಬಸ್ಸು ಬಂದಾದ್ವು. ನಡುವೆ ಉಸಿರಿನಷ್ಟೂ ಬಿಡುವಿಲ್ಲದೆ ಎರಡು ಮಾತು ಸೇರಿ ಒಂದಾಗುತ್ತವೆ. ಬೇರೆ ಕಡೆಯವರ ಕಿವಿಗೆ ಅದು 'ಬಂದು ಆಯಿತು' ಎಂದೇ ಕೇಳೀತು. ಹುಬ್ಬಳ್ಳಿ ಧಾರವಾಡದ ಕೂಸಿಗೂ ಹಾಗೆ ಕೇಳಲಾರದು.

ಮೂರಕ್ಕೆ ಆಮ್ಲಜನಕ ಬಂದಿರಲಿಲ್ಲ. ನಿಂತಿತ್ತು.

* * *

"ಏನಮ್ಮ, ಮಾತಾಡೋಕೆ ಬಂದ್ಯಾ? ಇರು, ಇವತ್ತಿನ ತಾರೀಕು ಬರ್ಕೊಳ್ತೀನಿ," ಅಂದರು ವೆಂಕಣ್ಣ ಮೇಷ್ಟ್ರು.

ತುಮಕೂರು ಕಡೆಯವರು, ನಿವೃತ್ತ ಕನ್ನಡ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಇರಲಾರದೆ ಈ ಕೆಲಸ ಹಿಡಿದು ಇಷ್ಟು ದೂರ ಬಂದವರು. ಸೋಮವಾರದಿಂದ ಅವರ ನಗೆ ಅರ್ಧಕ್ಕರ್ಧ ಇಳಿದಿತ್ತು. ಬೀರುವಿಗೆ ಎರಡೇ ಕೀಲಿ. ಒಂದು ಅವರ ಹತ್ತಿರ, ಇನ್ನೊಂದು ಸಂಯೋಜಕ ಅಧಿಕಾರಿ ಬಸವಪ್ರಭು ಅವರ ಹತ್ತಿರ. ಎಲ್ಲರೂ ಮೇಷ್ಟ್ರ ಕಡೆಯೇ ನೋಡುತ್ತಿದ್ದರು.

"ನಲವತ್ತೊಂದನೇ ಪುಟ ನೋಡಬೇಕಿತ್ರಿ. ನೀವು ತಿದ್ದಿದ್ದು," ಅಂದಳು ದಾಕ್ಷಾಯಿಣಿ.

ಮೇಷ್ಟ್ರು ಕಟ್ಟು ಬಿಚ್ಚಿ ಪುಟ ತೆಗೆದರು. ಅವಳ ಟೈಪಿನ ಮೇಲೆ ಅವರ ಕೆಂಪು ಶಾಯಿ.

ಆರನೇ ಸಾಲು: 'ಮೂರಕ್ಕ ಗ್ಯಾಸ್ ಬಂದಾತ್ರಿ.' ಕೊನೆಯ ಮಾತು ಹೊಡೆದುಹಾಕಿ, ಮೇಲೆ ಕೆಂಪಿನಲ್ಲಿ: ಬಂದಿತು.

ಅವಳ ಎದೆ ತುಸು ಹಗುರಾಯಿತು. ಪಾಪ, ತುಮಕೂರಿನವರು, ತಿಳಿದಿಲ್ಲ. ಅಷ್ಟರಲ್ಲಿ ಕಣ್ಣು ಕೆಳಗಿಳಿಯಿತು.

ಏಳನೇ ಸಾಲು: 'ಅದರ ಹಿಂದಿಂದ ನೀರಿನ ಮೋಟರೂ ಬಂದಾತ್ರಿ.' ಇಲ್ಲಿಯೂ ಕೊನೆಯ ಮಾತು ಹೊಡೆದುಹಾಕಿತ್ತು. ಮೇಲೆ ಕೆಂಪಿನಲ್ಲಿ: ಸ್ಥಗಿತಗೊಂಡಿತು.

ಒಂದೇ ಮಾತು, ಒಂದೇ ಬಾಯಿಂದ ಬಂದದ್ದು, ಒಂದರ ಕೆಳಗೊಂದು ಸಾಲು. ಮೋಟರು ನಿಂತಿತು. ಗ್ಯಾಸು ಬಂದಿತು.

ಇದು ತಿಳಿಯದೆ ಆದ ತಪ್ಪಲ್ಲ.

"ಮಾಸ್ತರ, ಬಂದಾತು ಅಂದ್ರ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದೆ ಏನಮ್ಮ? ಹೊಟ್ಟೆ ಹಸಿದು ಕಲಿತದ್ದು ಅದು." ಮೇಷ್ಟ್ರಿಗೆ ಹಳೆಯ ನಗೆ ಒಂದು ಗಳಿಗೆ ಮರಳಿತು. "ಮೊದಲನೇ ದಿನ ಖಾನಾವಳಿಗೆ ಹೋದೆ. 'ಊಟ ಬಂದಾಗೇತ್ರಿ' ಅಂದ. ಬಂದಾಗಿದೆ ಅಂತ ಕೈ ತೊಳ್ಕೊಂಡು ಕೂತೆ. ಮುಕ್ಕಾಲು ಗಂಟೆ. ಕೊನೆಗೆ ಅವನು ಕುರ್ಚಿ ಎತ್ತಿ ಮೇಜಿನ ಮೇಲಿಟ್ಟು ಕಸ ಗುಡಿಸೋಕೆ ಶುರು ಮಾಡಿದ. ಅವತ್ತು ಅರ್ಥ ಆಯ್ತು."

"ಮತ್ತ ಇಲ್ಲಿ ಹಿಂಗ್ಯಾಕ?"

ನಗೆ ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿಯೇ ಒರೆಸಿದರು.

"ನನಗೂ ಅನುಮಾನ ಬಂತು. ನಿಮ್ಮ ಕಡೆ ಒಂದೇ ಮಾತು ಊಟಕ್ಕೊಂದು ಅರ್ಥ, ಗ್ಯಾಸಿಗೊಂದು ಅರ್ಥ ಇದ್ರೂ ಇರಬಹುದು. ಅದಕ್ಕೇ ಅನುಮಾನದ ಪಟ್ಟಿಯಲ್ಲಿ ಬರೆದು ಒಳಗಿನ ಟ್ರೇಗೆ ಹಾಕಿದೆ, ಅದಕ್ಕೆ ಯಾರು ಉತ್ತರ ಬರೀತಾರೋ ನಂಗೆ ಗೊತ್ತಿಲ್ಲ. ಉತ್ತರ ಬಂತು. ಬಂದ ಹಾಗೆ ತಿದ್ದಿದೆ. ನನ್ನ ಕೆಲಸ ಕಾಗುಣಿತ ಕಣಮ್ಮ, ಅಷ್ಟೇ." ಕನ್ನಡಕ ಹಾಕಿಕೊಂಡು, "ತಿದ್ದುವಾಗ ಖಾನಾವಳಿ ನೆನಪಾಯ್ತು. ಸುಳ್ಳು ಹೇಳಲ್ಲ. ಆದ್ರೂ ತಿದ್ದಿದೆ," ಅಂದರು.

ಡ್ರಾಯರಿನಿಂದ ಒಂದು ಉದ್ದ ಹಾಳೆ ತೆಗೆದು ಅವಳ ಮುಂದೆ ಹರಡಿದರು. "ನೋಡು. ಇದು ಉತ್ತರದ ಹಾಳೆ. ಇನ್ನೊಂದು ವಿಚಿತ್ರ ಇದೆ. ಎಂಟನೇ ಸಾಲಿನ ಬಗ್ಗೆ ನಾನು ಕೇಳೇ ಇರಲಿಲ್ಲ. ಕೇಳದ ಪ್ರಶ್ನೆಗೂ ಉತ್ತರ ಬಂದಿದೆ."

ಎಂಟನೇ ಸಾಲು ಅವಳ ಟೈಪಿನಲ್ಲಿ ಹೀಗಿತ್ತು: 'ಫೋನ್ ಹಚ್ಚಿದ್ನಿರಿ. ಗಾಡಿ ಬ್ಯಾರೆ ಕಡೆ ಕಳಿಸೇವಿ, ನೀ ಸುಮ್ಮನಿರು ಅಂದ್ರು.' ಅದರ ಮೇಲೆ ಕೆಂಪು ಗೀಟು.

ಉತ್ತರದ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಬರೀ ಅಂಕಿಗಳು, ಅವುಗಳ ಮುಂದೆ ಒಂದೊಂದು ಮಾತು. 41, 6: ಬಂದಿತು. 41, 7: ಸ್ಥಗಿತಗೊಂಡಿತು. 41, 8: ಧ್ವನಿ ಅಸ್ಪಷ್ಟ, ಕೈಬಿಡಿ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ ಹೊರಟ ಸಿಲಿಂಡರಿನ ಗಾಡಿ ಲಕಮನಹಳ್ಳಿಗೆ ಬರಬೇಕಿತ್ತು. ಅದನ್ನು ಯಾರೋ ಬೇರೆಲ್ಲಿಗೋ ತಿರುಗಿಸಿದ್ದರು. ಆ 'ಯಾರೋ' ಇದ್ದ ಒಂದೇ ಒಂದು ಸಾಲನ್ನು ಈ ನೀಲಿ ಅಕ್ಷರ ಅಳಿಸಿಹಾಕಿತ್ತು.

"ಯಾರ ಅಕ್ಷರ ಅಂತ ಗೊತ್ತಾ ನಿಂಗೆ?" ಮೇಷ್ಟ್ರು ಕೇಳಿದರು. "ಇಲ್ಲಿ ಎಲ್ರೂ ಕಂಪ್ಯೂಟರಲ್ಲೇ ಬರೀತಾರೆ. ನಾನು ಯಾರ ಕೈಬರಹವೂ ನೋಡಿಲ್ಲ."

ದಾಕ್ಷಾಯಿಣಿ ಹಾಳೆಯ ಮೇಲೆ ಬಾಗಿದಳು. 'ತು'ವಿನ ಕೊಂಬನ್ನು ಬಲಕ್ಕೆ ಉದ್ದ ಎಳೆದು ತುದಿಯಲ್ಲಿ ಚೂರು ಮೇಲಕ್ಕೆ ತಿರುವಿದ ಅಕ್ಷರ. ಶಾಲೆಯಲ್ಲಿದ್ದಾಗ ಈ ಕೊಂಬಿಗಾಗಿ ಎಷ್ಟು ಸಲ ಬೈಸಿಕೊಂಡಿದ್ದಳೋ.

ಅವಳದೇ ಅಕ್ಷರ.

ಕಿವಿಯೊಳಗೆ ಗುಂಯ್ ಅಂದಿತು. ಮೂರು ವಾರದ ಹಿಂದೆ ಬಸವಪ್ರಭು ಅವರ ಒಂದು ಕಣ್ಣಿಗೆ ಪೊರೆ ತೆಗೆದು ಪಟ್ಟಿ ಹಾಕಿದ್ದರು. ಬರೆಯಲು ತ್ರಾಸಾಗುತ್ತದೆಂದು ಅವಳನ್ನು ಒಳಗೆ ಕರೆದಿದ್ದರು. ಬರಕೋ ತಂಗಿ, ಪುಟ ಇಷ್ಟು, ಸಾಲು ಇಷ್ಟು, ಉತ್ತರ ಇಷ್ಟು. ಅವರು ಕಿಟಕಿಯ ಹತ್ತಿರ ಅತ್ತಿಂದಿತ್ತ ಓಡಾಡುತ್ತ ಹೇಳಿದರು, ಅವಳು ತಲೆ ತಗ್ಗಿಸಿ ಬರೆದಳು. ನಲವತ್ತೆಂಟು ಉತ್ತರ. ಯಾವ ಪುಟದಲ್ಲಿ ಯಾರ ಮಾತಿದೆ ಎಂದು ಅವಳು ಕೇಳಲಿಲ್ಲ. ಕೇಳುವ ಹುಡುಗಿ ಅಲ್ಲ ಅಂತಲೇ ಕರೆದಿದ್ದರೇನೋ.

"ಗೊತ್ತಾ?" ಮೇಷ್ಟ್ರು ಮತ್ತೆ ಕೇಳಿದರು.

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅಲ್ಲಾಡಿಸಿದ ಮೇಲೆ ಗೊತ್ತಾಯಿತು, ಅದು ಸುಳ್ಳು. ಇದನ್ನು ಸುಳ್ಳೋ ಅಲ್ಲವೋ ಎಂದು ದಿನಚರಿಯಲ್ಲಿ ಬರೆದು ತೂಗುವ ಅಗತ್ಯವಿರಲಿಲ್ಲ.

"ಈ ಪುಟ ಒಂದ್ಸಲ ಒಯ್ತೇನ್ರಿ."

"ಪುಟ ತಗೊಂಡು ಹೋಗು. ಉತ್ತರದ ಹಾಳೆ ಮಾತ್ರ ನನ್ನ ಹತ್ರ ಇರ್ಲಿ. ಇವತ್ತು ನನ್ನ ಹತ್ರ ಇರೋದು ಇದೊಂದೇ."

* * *

ಬಸವಪ್ರಭು ಫೋನಿನಲ್ಲಿದ್ದರು. ಅವಳನ್ನು ಕಂಡು, ಕೂಡು ಎಂದು ಕೈ ಮಾಡಿದರು. ಕುರ್ಚಿಯ ತುದಿಯಲ್ಲಿ ಕುಳಿತಳು.

ಅವಳ ಕಾಕಾನ ಜೀವದ ಗೆಳೆಯ. ಚಿಕ್ಕಂದಿನಿಂದ ಅವಳಿಗೆ ಅವರು ಪ್ರಭು ಕಾಕಾ. ಈ ಕೆಲಸ ಕೊಡಿಸಿದವರೂ ಅವರೇ. "ಹುಡುಗಿ ಬಾಯಿ ಇಲ್ಲದಾಕಿ, ಆದ್ರ ಅಕ್ಷರ ಮುತ್ತು" ಎಂದು ಅವಳಪ್ಪನ ಮುಂದೆ ಹೊಗಳಿದ್ದರು. ಆಫೀಸಿನಲ್ಲಿ ಯಾರಿಗೂ ಗದರಿದವರಲ್ಲ. ವರದಿಯ ಮೊದಲ ಪುಟದಲ್ಲೇ ಅವರ ಹೇಳಿಕೆ ಇತ್ತು: ಎರಡನೇ ಅಲೆಯಲ್ಲಿ ನಾನು ಹಾಸಿಗೆ ಹಂಚಿಕೆಯ ಕೆಲಸದಲ್ಲಿದ್ದೆ, ಆಮ್ಲಜನಕ ಪೂರೈಕೆಗೂ ನನಗೂ ಸಂಬಂಧವಿರಲಿಲ್ಲ. ಆ ಹೇಳಿಕೆ ಇಲ್ಲದಿದ್ದರೆ ಅವರನ್ನು ಈ ಸಮಿತಿಗೆ ಹಾಕುತ್ತಲೇ ಇರಲಿಲ್ಲ.

"ಹೇಳು ತಂಗಿ." ಫೋನು ಇಟ್ಟರು.

"ಕಾಕಾ, ಇದು..." ಅಷ್ಟೇ ಬಂತು. ಪುಟವನ್ನು ಮೇಜಿನ ಮೇಲಿಟ್ಟು ಆರನೇ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ಏಳನೇ ಸಾಲಿನ ಮೇಲೆ.

ಅವರು ಒಮ್ಮೆ ಪುಟ ನೋಡಿದರು, ಒಮ್ಮೆ ಅವಳನ್ನು.

"ವೆಂಕಣ್ಣ ಮಾಸ್ತರಗ ನಮ್ಮ ಮಾತು ತಿಳಿಯಂಗಿಲ್ಲವಾ. ಎಡವ್ಯಾರ, ಪಾಪ."

"ಏಳನೇ ಸಾಲು ತಿಳದೈತ್ರಿ ಅವರಿಗೆ."

ಬಸವಪ್ರಭು ನಕ್ಕರು. ಖುಷಿಯ ನಗೆಯೇ. "ಎಂ.ಎ. ಮಾಡಸಿದ್ದು ದಂಡ ಆಗಿಲ್ಲ ಬಿಡು ನಿಮ್ಮಪ್ಪಗ."

"ಉತ್ತರ ನೀವ ಹೇಳಿದ್ರಿ ಕಾಕಾ."

"ನಾನು?" ಪುಟವನ್ನು ತಿರುವಿ ಹಿಂದೆ ಮುಂದೆ ನೋಡಿದರು. "ಇದರಾಗ ನಂದೆಲ್ಲೈತಿ? ಆ ಉತ್ತರದ ಹಾಳಿ ಇತ್ತಲ್ಲ, ಅದರಾಗ ಅಕ್ಷರ ಯಾರದು?"

ಅವಳ ಕೈ ತಾನಾಗಿ ಮೇಜಿನ ಕೆಳಗೆ ಸರಿಯಿತು.

"ನನ್ನ ಕಣ್ಣಿಗೆ ಪಟ್ಟಿ ಇತ್ತು. ಡಾಕ್ಟರು ಓದಬ್ಯಾಡ ಅಂದಿದ್ರು. ಚೀಟಿ ಐತಿ ನನ್ನ ಕಡೆ. ಓದದ ಮನಿಷ್ಯಾ ನಲವತ್ತೆಂಟು ಉತ್ತರ ಹೆಂಗ ಹೇಳಿದ ಅಂತ ಯಾರರೆ ಕೇಳಿದ್ರ, ನೀ ಏನ್ ಹೇಳ್ತಿ?" ದನಿ ಒಂದಿಷ್ಟೂ ಏರಲಿಲ್ಲ. ಊಟಕ್ಕೆ ಏಳು ಎಂದು ಕರೆಯುವಷ್ಟೇ ಮೆತ್ತಗಿತ್ತು. "ನಿನಗ ಅಂಜಸಾಕ ಹೇಳಾಕತ್ತಿಲ್ಲ ತಂಗಿ. ನಿನ್ನ ಮ್ಯಾಲ ಬರಬಾರದಂತ ಹೇಳಾಕತ್ತೇನಿ."

ಫ್ಯಾನು ಕಟಕಟ ಅನ್ನುತ್ತ ತಿರುಗುತ್ತಿತ್ತು. ಬಸವಪ್ರಭು ಎದ್ದು ಕಿಟಕಿಯ ಹತ್ತಿರ ಹೋದರು, ಬಂದರು, ಮತ್ತೆ ಹೋದರು.

"ಮುನ್ನೂರು ಪುಟದ ವರದಿ. ಸರ್ಕಾರ ಏನ್ ಛಲೋ ಮಾಡ್ತು, ಎಲ್ಲಿ ತಪ್ಪಿತು, ಮುಂದ ಇಂಥಾದ್ದು ಬಂದ್ರ ಏನ್ ಮಾಡಬೇಕು, ಎಲ್ಲಾ ಐತಿ ಅದರಾಗ. ನೀನs ರಾತ್ರಿ ಹಗಲು ಕುಂತು ಬರದಿ. ಒಂದು ಸಾಲಿನ ಸಂಬಂಧ ಎಲ್ಲಾ ಮೂಲ್ಯಾಗ ಬಿದ್ರ ಯಾರಿಗೆ ಛಲೋ ಆತು? ಆ ಗೌಸಮೊದ್ದೀನ ಹಾಸಗಿ ಹಿಡದಾನ. ಅವನ್ನೇನು ಜೇಲಿಗೆ ಒಯ್ತಾರೇನು? ಹೆಸರು ಬರೀತಾರ, ಬಿಡ್ತಾರ."

"ಅವರ ಹೆಂಡತಿ ಹೊರಗ ಕುಂತಾರ್ರಿ."

"ಕುಂದರಲಿ. ನಾ ಏನ್ ಏಳು ಅಂದೇನೇನು?" ಈಗ ಮೊದಲ ಸಲ ಅವರ ಮಾತಿಗೆ ಅವಸರ ಬಂತು. "ಆವತ್ತಿನ ಪರಿಸ್ಥಿತಿ ನಿನಗೇನ್ ಗೊತ್ತವಾ? ಯಾರ ಕೈಯಾಗ ಏನಿತ್ತು? ಎಲ್ಲಾ ಕಡಿಂದ ಒಂದs ಸವನ ಫೋನು. ಇವಂಗ ಒಬ್ಬಗ ಅವಸರೇನು? ಮೂರೂ ಹತ್ತಕ್ಕ ಫೋನ್ ಹಚ್ಚಿ ಬಾಯಿ ಮಾಡಿದ್ರ ಗಾಡಿ ಆಕಾಶದಿಂದ ಇಳೀತೈತೇನು?"

ದಾಕ್ಷಾಯಿಣಿ ಮೇಜಿನ ಮೇಲಿನ ಪುಟ ನೋಡಿದಳು.

ಎಂಟನೇ ಸಾಲಿನಲ್ಲಿ ಗೌಸಮೊದ್ದೀನ ಫೋನು ಹಚ್ಚಿದೆ ಎಂದಿದ್ದ, ನಿಜ. ಎಷ್ಟು ಹೊತ್ತಿಗೆ ಎಂದು ಹೇಳಿರಲಿಲ್ಲ. ಅವಳು ಕೇಳಿದ ದನಿಯಲ್ಲೂ ಇರಲಿಲ್ಲ, ಟೈಪಿನಲ್ಲೂ ಇರಲಿಲ್ಲ, ಇಡೀ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ಮೂರೂ ಹತ್ತು ಎಂಬುದು ಇಬ್ಬರಿಗೇ ಗೊತ್ತಿರಬೇಕಾದ ಸಂಗತಿ. ಫೋನು ಹಚ್ಚಿದವನಿಗೆ, ಮತ್ತು ಆ ಕಡೆಯಿಂದ ಎತ್ತಿದವರಿಗೆ.

ಅವಳು ತಲೆ ಎತ್ತಿದಳು. ಬಸವಪ್ರಭು ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಅವರ ಓಡಾಟ ನಿಂತಿತ್ತು.

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

"ಅಧ್ಯಕ್ಷರು ಬಂದ್ರು," ಅಂದರು ಬಸವಪ್ರಭು. ನಲವತ್ತೊಂದನೇ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಹೋಗು, ಮುಖ ತೊಳಕೊಂಡು ಬಾ. ನಿಮ್ಮವ್ವ ನಿನ್ನ ನನ್ನ ಕೈಯಾಗ ಕೊಟ್ಟು ಕಳಿಸ್ಯಾಳ. ಅದನ್ನ ನಾ ಮರತಿಲ್ಲ, ನೀನೂ ಮರೀಬ್ಯಾಡ."

* * *

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶೆ. ತೆಳ್ಳಗಿನ ಮೈ, ಹತ್ತಿಯ ಸೀರೆ, ಬೆಂಗಳೂರಿನ ಬಿಚ್ಚು ಮಾತು. ಉದ್ದ ಮೇಜಿನ ತಲೆಗೆ ಅವರು ಕುಳಿತರು, ಅವರ ಬಲಕ್ಕೆ ಬಸವಪ್ರಭು, ಎಡಕ್ಕೆ ವೆಂಕಣ್ಣ ಮೇಷ್ಟ್ರು. ಗೋಡೆಯ ಪಕ್ಕ, ಟಿಪ್ಪಣಿ ಟೈಪು ಮಾಡುವವರ ಕುರ್ಚಿಯಲ್ಲಿ ದಾಕ್ಷಾಯಿಣಿ.

ಲಕಮನಹಳ್ಳಿಯ ಅಧ್ಯಾಯ ತೆರೆದು, ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಬಾಗಿಲಲ್ಲಿ ಶರೀಫಾಬಿ ಬಂದು ನಿಂತಳು.

"ನಮಸ್ಕಾರ್ರಿ ಮೇಡಂ. ನಮ್ಮ ಯಜಮಾನ್ರ ಬಾಯಾಗ ಇಲ್ಲದ ಮಾತು ಈ ಕಾಗದದಾಗ ಐತ್ರಿ."

"ಅಮ್ಮಾ, ಹೊರಗ ಕುಂದರ್ರಿ, ಆಮೇಲೆ ಮಾತಾಡೋಣು," ಎಂದು ಬಸವಪ್ರಭು ಏಳಹೋದರು.

"ಇರಲಿ, ಬರಲಿ," ಅಂದರು ಅಧ್ಯಕ್ಷರು. "ಏನಮ್ಮ, ಯಾವ ಮಾತು?"

"ಬಂತು ಅನ್ನೂ ಮಾತ್ರಿ. ಬಂದಿದ್ರ ಅವರು ಎರಡು ತಾಸು ಬಾಗಲದಾಗ ನಿಂತು ರಸ್ತೆ ಯಾಕ ನೋಡ್ತಿದ್ರು? ಅಲ್ಲಿ ಸತ್ತ ಆರು ಮಂದ್ಯಾಗ ನಮ್ಮ ಅಕ್ಕನೂ ಒಬ್ಬಾಕಿ. ಗ್ಯಾಸ್ ಇಟಗೊಂಡು ನಮ್ಮಕ್ಕಗ ಹಚ್ಚದs ಬಿಟ್ಟಾರೇನು ಅವರು?"

ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು.

"ದನಿಮುದ್ರಿಕೆ ತರಿಸಿ. ಕೇಳೋಣ."

"ಅದs ತ್ರಾಸ ಆಗೇತ್ರಿ ಮೇಡಂ," ಬಸವಪ್ರಭು ನಿಟ್ಟುಸಿರು ಬಿಟ್ಟರು. "ಸೋಮವಾರದಿಂದ ಆ ಕಾರ್ಡು ಸಿಗವಲ್ದು. ಆವತ್ತು ಬೀರುವಿನ ಕೀಲಿ ಮಾಸ್ತರ ಹತ್ರ ಇತ್ತು. ನಾ ಯಾರ ಮ್ಯಾಲೂ ಹೊರಸಾಕತ್ತಿಲ್ಲ. ತಿದ್ದಿದವರೂ ಮಾಸ್ತರ. ಈ ಕಡಿ ಮಾತು ಅವರಿಗೆ ಅಷ್ಟು ತಿಳಿಯಂಗಿಲ್ಲ."

ಮೇಷ್ಟ್ರ ಮುಖ ಸುಣ್ಣದಂತಾಯಿತು. ಕಿಸೆಯಿಂದ ಉತ್ತರದ ಹಾಳೆ ತೆಗೆದು ಅಧ್ಯಕ್ಷರ ಮುಂದೆ ಇಟ್ಟರು. "ನಾನು ಕೇಳಿಯೇ ತಿದ್ದಿದೆ ಮೇಡಂ. ಇದು ನನಗೆ ಬಂದ ಉತ್ತರ."

ಅಧ್ಯಕ್ಷರು ಹಾಳೆಯ ಮೇಲೆ ಬೆರಳು ಎಳೆಯುತ್ತ ಓದಿದರು. ನಲವತ್ತೊಂದು, ಆರು. ನಲವತ್ತೊಂದು, ಏಳು. ನಲವತ್ತೊಂದು, ಎಂಟು. ಅಲ್ಲಿ ಬೆರಳು ನಿಂತಿತು.

"ಇದು ಯಾರ ಅಕ್ಷರ?"

"ಮಾಸ್ತರದs ಇರಬೇಕ್ರಿ," ಅಂದರು ಬಸವಪ್ರಭು.

"ನಂದಲ್ಲ ಮೇಡಂ. ದೇವರಾಣೆ ನಂದಲ್ಲ. ಯಾರದ್ದು ಅಂತ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನರ್ಥ ಮೇಷ್ಟ್ರೇ? ಯಾರು ಬರೆದದ್ದು ಅಂತ ಗೊತ್ತಿಲ್ಲದೆ ಆರು ಜನರ ಸಾವಿನ ಸಾಲು ತಿದ್ದಿಬಿಟ್ರಾ?"

ಮೇಷ್ಟ್ರ ಕಣ್ಣು ಎಲ್ಲರ ಮುಖದ ಮೇಲೂ ಹಾದು ಗೋಡೆಯ ಪಕ್ಕದ ಕುರ್ಚಿಗೆ ಬಂತು. ಅಲ್ಲಿಯೂ ನಿಲ್ಲಲಿಲ್ಲ. ಬೆಳಿಗ್ಗೆ ಇಲ್ಲವೆಂದು ತಲೆ ಅಲ್ಲಾಡಿಸಿದ ಹುಡುಗಿಯನ್ನು ಅವರು ನಂಬಿದ್ದರು.

ಸುಮ್ಮನಿದ್ದರೆ ಸಾಕು, ದಾಕ್ಷಾಯಿಣಿಗೆ ಅದು ಗೊತ್ತಿತ್ತು. ಅವಳ ಕೈಬರಹ ಕಂಡವರು ಈ ಕೋಣೆಯಲ್ಲಿ ಒಬ್ಬರೇ ಇದ್ದರು, ಅವರು ಹೇಳುವವರಲ್ಲ. ಮೇಷ್ಟ್ರು ಮೂಟೆ ಕಟ್ಟಿಕೊಂಡು ತುಮಕೂರಿನ ಬಸ್ಸು ಹತ್ತುತ್ತಾರೆ. ಶರೀಫಾಬಿ ಮನೆಗೆ ಹೋಗಿ ಗಂಡನ ಮುಂದೆ ಕೂಡುತ್ತಾಳೆ. ಹೇಳಿದರೋ, ಕಾರ್ಡು ಇಲ್ಲ, ಪುಟ ಕಾಕಾನ ಜೇಬಿನಲ್ಲಿದೆ, ಉಳಿದದ್ದು ಅವಳ ಅಕ್ಷರವೊಂದೇ.

ಬಸವಪ್ರಭು ಅವಳ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಮದುವೆ ಮನೆಯಲ್ಲಿ ಗದ್ದಲದ ನಡುವೆ ಸಣ್ಣ ಹುಡುಗಿಗೆ, ಅಲ್ಲೇ ಕೂಡವಾ, ಎಂದು ಕಣ್ಣಲ್ಲೇ ಹೇಳುವ ಹಾಗೆ.

ಅವಳು ಎದ್ದು ನಿಂತಳು. ಕುರ್ಚಿ ನೆಲಕ್ಕೆ ಕರ್ರೆಂದು ಉಜ್ಜಿತು. ಮೇಜಿನ ಸುತ್ತ ಇದ್ದವರೆಲ್ಲ ತಿರುಗಿದರು.

"ಏನಮ್ಮ?" ಅಂದರು ಅಧ್ಯಕ್ಷರು. "ಹೇಳಬೇಕಾ ಏನಾದರೂ?"

ಒಮ್ಮೆ ಗಂಟಲು ಸರಿ ಮಾಡಿಕೊಂಡಳು. ದನಿ ಹೊರಬಿದ್ದಾಗ ಅದು ಅವಳು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಬಾಗಿಲಲ್ಲಿ ನಿಂತವಳಿಗೂ ಕೇಳಿಸಿತು.

"ಬರದಾಕಿ ನಾನ್ರಿ. ಹೇಳಿ ಬರಸಿದವ್ರು ನಿಮ್ಮ ಬಲಕ್ಕ ಕುಂತಾರ."